ಏಳು ಕಿತ್ತಳೆ

ಮೊನ್ನೆ ಡಿಸೆಂಬರಿನ ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿಕೊಂಡು ಮನೆಗೆ ಬಂದಾಗ ಜಗಲಿಯ ಮೇಲೆ ಒಂದು ಕೈಚೀಲ ಕೂತಿತ್ತು. ಇತ್ತು ಎನ್ನುವುದಕ್ಕಿಂತ ಕೂತಿತ್ತು ಎಂದೇ ಹೇಳಬೇಕು. ಹಳ್ಳಿಯಿಂದ ಬಂದ ಹಿರಿಯರು ಬಾಗಿಲು ತೆಗೆಯುವವರೆಗೆ ಗೋಡೆಗೆ ಒರಗಿ ದಣಿವಾರಿಸಿಕೊಳ್ಳುತ್ತಾರಲ್ಲ, ಹಾಗೆ. ಚೀಲದ ಬಾಯಿಗೆ ಗೋಣಿದಾರದ ಹೊಲಿಗೆ. ಯಾರ ಕೈಹೊಲಿಗೆ ಎಂದು ಕೇಳಬೇಕಾಗಿರಲಿಲ್ಲ. ಬೀಗ ತೆಗೆಯುವ ಮೊದಲೇ ಮೂಗಿಗೆ ಗೊತ್ತಾಗಿತ್ತು. ಸೋಮವಾರಪೇಟೆಯ ಓನರಮ್ಮನ ಕಿತ್ತಳೆ ಬಂದಿತ್ತು.

ಓನರಮ್ಮ ಎಂದರೆ ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಆರು ವರ್ಷ ಬಾಡಿಗೆಗಿದ್ದ ಮನೆಯ ಯಜಮಾನಿ. ಆ ಊರು ಬಿಟ್ಟು ಇಪ್ಪತ್ತೈದು ವರ್ಷವಾದರೂ ನಮ್ಮ ಮನೆಯಲ್ಲಿ ಅವರು ಓನರಮ್ಮನೇ. ಪ್ರತಿ ವರ್ಷ ಹುತ್ತರಿ ಹಬ್ಬ ಕಳೆದು ಕಾಫಿ ಕೊಯ್ಲು ಸುರುವಾಗುವ ಹೊತ್ತಿಗೆ ಹಾಸನದ ಕಡೆಗೆ ಹೊರಟ ಯಾರಾದರೂ ಪರಿಚಯದವರ ಕೈಯಲ್ಲಿ ಒಂದು ಚೀಲ ಕಳಿಸುತ್ತಾರೆ. ಈ ಸಲ ಚೀಲ ಹಗುರವಾಗಿತ್ತು. ಹೊಲಿಗೆ ಬಿಚ್ಚಿದೆ. ಕಾಫಿ ಸೊಪ್ಪಿನ ನಡುವೆ, ತೊಟ್ಟಿನ ಜೊತೆಗೇ ಕತ್ತರಿಸಿದ ಏಳು ಹಣ್ಣು. ಜೊತೆಗೆ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಬರೆದ ಒಂದು ಚೀಟಿ: "ಟೀಚರೇ, ಈ ಸಲ ಏಳೇ. ಬೇಜಾರು ಮಾಡಿಕೊಳ್ಳಬೇಡಿ. ಒಂದನ್ನು ನೀವು ತಿನ್ನಬೇಕು. ಎಲ್ಲ ಹಂಚಿಬಿಡಬೇಡಿ."

ಆ ಕೊನೆಯ ವಾಕ್ಯ ಓದಿ ನಗು ಬಂತು. ಯಾಕೆಂದರೆ ಚೀಟಿ ಓದುವ ಮೊದಲೇ ನನ್ನ ತಲೆಯಲ್ಲಿ ಲೆಕ್ಕ ಮುಗಿದಿತ್ತು. ದೇವರ ಮುಂದೆ ಒಂದು, ಅತ್ತೆಗೆ ಒಂದು, ನಮ್ಮವರಿಗೆ ಒಂದು (ಅವರಿಗೆ ಸಕ್ಕರೆ ಕಾಯಿಲೆ, ಆದರೂ ಒಂದು), ಪಕ್ಕದ ಮನೆಯ ಬಸುರಿ ಹುಡುಗಿಗೆ ಎರಡು, ಪಾತ್ರೆ ತೊಳೆಯಲು ಬರುವ ಹೆಂಗಸಿನ ಮಗಳಿಗೆ ಒಂದು, ಶಾಲೆಯಲ್ಲಿ ನನ್ನ ಪಕ್ಕ ಕೂರುವ ಗಣಿತದ ಮೇಡಂಗೆ ಒಂದು. ಏಳಕ್ಕೆ ಏಳೂ ಸರಿಹೋಗಿತ್ತು. ನನ್ನ ಹೆಸರು ಆ ಪಟ್ಟಿಯಲ್ಲಿ ಇರಲೇ ಇಲ್ಲ. ನಿಮಗೂ ಹೀಗೆಯೇ ಆಗುತ್ತದೆ ಎಂದು ನನಗೆ ಗೊತ್ತು. ಮನೆಗೆ ಬಂದ ಸಿಹಿಯನ್ನು ಪಾಲು ಮಾಡುವ ಕೈ ತನಗೊಂದು ಪಾಲು ಇಟ್ಟುಕೊಳ್ಳುವುದನ್ನು ಎಲ್ಲಿಯೂ ಕಲಿತಿರುವುದಿಲ್ಲ. ಬಿಎ, ಬಿಎಡ್ ಮಾಡಿ ಮೂವತ್ತು ವರ್ಷ ಪಾಠ ಹೇಳಿದರೂ ಅಷ್ಟೇ.

ನಾನು ಚಿಕ್ಕವಳಿದ್ದಾಗ ಕಿತ್ತಳೆ ನಮಗೆ ಹಣ್ಣಾಗಿರಲಿಲ್ಲ, ಔಷಧಿಯಾಗಿತ್ತು. ನಮ್ಮದು ಚನ್ನರಾಯಪಟ್ಟಣದ ಕಡೆಯ ಬಯಲುಸೀಮೆಯ ಊರು. ತೆಂಗು, ರಾಗಿ, ಹುರುಳಿ ಬೆಳೆಯುವ ನೆಲ. ಬಾಳೆಹಣ್ಣು ಹಬ್ಬಕ್ಕೆ, ಸೀಬೆ ಬೇಲಿಯಲ್ಲಿ, ಮಾವು ಬೇಸಿಗೆಯಲ್ಲಿ. ಕಿತ್ತಳೆ ಮತ್ತು ಬ್ರೆಡ್ಡು ಮಾತ್ರ ಯಾರಾದರೂ ಮಲಗಿದರೆ ಮನೆಗೆ ಬರುತ್ತಿದ್ದವು. ಯಾರಾದರೂ ಅಂಗಡಿಯಲ್ಲಿ ಅರ್ಧ ಡಜನ್ ಕಿತ್ತಳೆ ಕಟ್ಟಿಸಿಕೊಂಡರೆ ಎದುರಾದವರು "ಯಾರಿಗೆ ಹುಷಾರಿಲ್ಲ?" ಎಂದು ಕೇಳುತ್ತಿದ್ದರು. ರೋಗಿಯನ್ನು ನೋಡಲು ಬರಿಗೈಲಿ ಹೋಗಬಾರದಲ್ಲ. ನನಗಂತೂ ಕಿತ್ತಳೆಯ ವಾಸನೆಗೂ ಆಸ್ಪತ್ರೆಯ ಫಿನಾಯಿಲ್ ವಾಸನೆಗೂ ಎಷ್ಟು ನಂಟು ಬೆಳೆದಿತ್ತೆಂದರೆ, ಒಂದು ಬಂದರೆ ಇನ್ನೊಂದು ತಾನೇ ಹಿಂದೆ ಬರುತ್ತಿತ್ತು.

1979ರಲ್ಲಿ, ನಾನು ಐದನೇ ಕ್ಲಾಸಿನಲ್ಲಿದ್ದಾಗ, ಅಪ್ಪನಿಗೆ ಟೈಫಾಯ್ಡ್ ಆಗಿ ಹಾಸನದ ಆಸ್ಪತ್ರೆಯಲ್ಲಿ ಮೂರು ವಾರ ಮಲಗಿದ್ದರು. ಅಪ್ಪ ಪ್ರೈಮರಿ ಶಾಲೆ ಮೇಷ್ಟ್ರು. ನೋಡಲು ಬರುವವರಿಗೇನೂ ಕಡಿಮೆ ಇರಲಿಲ್ಲ. ಹಾಸಿಗೆಯ ಪಕ್ಕದ ಕಬ್ಬಿಣದ ಕಪಾಟಿನ ಮೇಲೆ ಕಿತ್ತಳೆಗಳು ಗುಡ್ಡೆ ಬಿದ್ದಿದ್ದವು. ಅವು ಅಪ್ಪನವು, ಮುಟ್ಟಬಾರದು ಎಂದು ಅಮ್ಮ ಹೇಳಿದ್ದಳು. ಎರಡು ದಿನ ಮುಟ್ಟಲಿಲ್ಲ. ಮೂರನೇ ದಿನ ಮಧ್ಯಾಹ್ನ ಅಮ್ಮ ಬಿಸಿನೀರು ತರಲು ಹೋಗಿದ್ದಳು, ಅಪ್ಪ ಕಣ್ಣು ಮುಚ್ಚಿದ್ದರು. ಒಂದನ್ನು ಲಂಗದ ಜೇಬಿಗೆ ಹಾಕಿಕೊಂಡು ಹೋಗಿ ವರಾಂಡದ ತುದಿಯಲ್ಲಿ ತಿಂದೆ. ತಿಂದೆ ಎನ್ನುವುದು ದೊಡ್ಡ ಮಾತು. ತೊಳೆ ಬಿಡಿಸುವಷ್ಟೂ ತಾಳ್ಮೆಯಿಲ್ಲದೆ ನುಂಗಿದೆ. ಸಿಪ್ಪೆಯನ್ನು ಕಿಟಕಿಯಾಚೆ ಎಸೆದು, ಬಾಯಿ ಒರೆಸಿಕೊಂಡು, ಏನೂ ತಿಳಿಯದವಳ ಹಾಗೆ ಬಂದು ನಿಂತೆ.

ಬೇರೆ ಯಾವ ಹಣ್ಣನ್ನಾದರೂ ಕದಿಯಬಹುದು, ಕಿತ್ತಳೆಯನ್ನು ಮಾತ್ರ ಕದಿಯಲಾಗುವುದಿಲ್ಲ. ಕೈಯೇ ಹೇಳಿಬಿಡುತ್ತದೆ. ಅಮ್ಮ ನನ್ನ ಅಂಗೈ ಹಿಡಿದು ಮೂಸಿ, ಇನ್ನೊಂದು ಕೈ ಎತ್ತಿಯೇ ಬಿಟ್ಟಿದ್ದಳು. ಆಗ ಹಾಸಿಗೆಯಿಂದ ಅಪ್ಪನ ಸೋತ ದನಿ ಬಂತು: "ಹೊಡೀಬೇಡ ಕಣೇ. ನಾನೇ ಕೊಟ್ಟೆ ಅದಕ್ಕೆ."

ಅಪ್ಪ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅಮ್ಮ ಕೈ ಇಳಿಸಿದಳು. ಅಪ್ಪ ಮತ್ತೆ ಕಣ್ಣು ಮುಚ್ಚಿಕೊಂಡರು. ಕದ್ದ ಹಣ್ಣು ಒಂದೇ ಮಾತಿನಲ್ಲಿ ಕೊಟ್ಟ ಹಣ್ಣಾಯಿತು. ಅವರು ಗುಣವಾಗಿ ಮನೆಗೆ ಬಂದರು, ಮುಂದೆ ಹತ್ತೊಂಬತ್ತು ವರ್ಷ ಬದುಕಿದ್ದರು, ಆದರೆ ಆ ವಿಷಯವನ್ನು ಒಮ್ಮೆಯೂ ಎತ್ತಲಿಲ್ಲ.

1994ರ ಜೂನಿನಲ್ಲಿ ನನಗೆ ಸೋಮವಾರಪೇಟೆಯಿಂದ ಒಳಗಿನ ಒಂದು ಹಳ್ಳಿಯ ಹೈಸ್ಕೂಲಿಗೆ ಆರ್ಡರ್ ಬಂತು. ಕೊಡಗಿನ ಮಳೆಯನ್ನು ಆವರೆಗೆ ನೋಡದವಳಿಗೆ ಮೊದಲ ಮೂರು ತಿಂಗಳು ಹೇಗೆ ಕಳೆಯಿತೋ ದೇವರೇ ಬಲ್ಲ. ಸೀರೆ ಒಣಗುತ್ತಿರಲಿಲ್ಲ, ಪುಸ್ತಕ ಬೂಸು ಹಿಡಿಯುತ್ತಿತ್ತು, ಜಿಗಣೆ ಚಪ್ಪಲಿಯೊಳಗೇ ಕಾದಿರುತ್ತಿತ್ತು. ರಾತ್ರಿ ಹೆಂಚಿನ ಮೇಲೆ ಮಳೆ ಸುರಿಯುವಾಗ ವರ್ಗಾವಣೆ ಅರ್ಜಿಯ ಒಕ್ಕಣೆಯನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದೆ. ಅಂತೂ ಮಳೆ ನಿಂತು, ಬಿಸಿಲು ಬಂದು, ಚಳಿ ಇಳಿಯಿತು. ಆಗ ಒಂದು ಬೆಳಿಗ್ಗೆ ಓನರಮ್ಮ ಬಿದಿರಿನ ಕುಕ್ಕೆಯ ತುಂಬ ಕಿತ್ತಳೆ ತಂದು ನನ್ನ ಬಾಗಿಲ ಮುಂದೆ ಇಟ್ಟರು.

ನನ್ನ ಬಾಯಿಂದ ಬಂದ ಮಾತು ಏನು ಗೊತ್ತೇ? "ಯಾರಿಗೆ ಹುಷಾರಿಲ್ಲ?"

ಓನರಮ್ಮ ಒಂದು ಕ್ಷಣ ನನ್ನ ಮುಖ ನೋಡಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ ಟೀಚರೇ, ಎಲ್ಲರಿಗೂ ಹುಷಾರಿದೆ. ಮರ ತುಂಬ ಬಿಟ್ಟಿದೆ, ಅದಕ್ಕೆ ತಂದೆ. ತಿನ್ನಿ."

ಯಾರಿಗೂ ಕಾಯಿಲೆ ಇಲ್ಲದೆ, ಯಾರ ಪಾಲನ್ನೂ ಕಸಿಯದೆ, ಎಣಿಸದೆ ತಿಂದ ನನ್ನ ಮೊದಲ ಕಿತ್ತಳೆ ಅದು. ಹಿತ್ತಲ ಮೆಟ್ಟಿಲ ಮೇಲೆ ಎಳೆಬಿಸಿಲಿಗೆ ಬೆನ್ನು ಕೊಟ್ಟು ಕೂತು ಒಂದಾದ ಮೇಲೊಂದು ತಿಂದೆ. ಕೊಡಗಿನ ಕಿತ್ತಳೆ ನೋಡಲು ಅಂಥ ಚೆಲುವೆಯಲ್ಲ. ಹಸಿರು ಮಿಶ್ರಿತ ಹಳದಿ ಬಣ್ಣ, ಮೈಗೆ ಅಂಟಿಕೊಂಡ ಸಿಪ್ಪೆ, ತುದಿಯಲ್ಲಿ ಸ್ವಲ್ಪ ಚಪ್ಪಟೆ. ಬೀಜವೂ ಧಾರಾಳ. ಆದರೆ ಉಗುರು ತಾಗಿಸಿದರೆ ಸಾಕು, ಸಿಪ್ಪೆಯಿಂದ ಚಿಮ್ಮುವ ಎಣ್ಣೆ ಕಣ್ಣಿಗೆ ಚುರುಕು, ಮೂಗಿಗೆ ಹಬ್ಬ. ತೊಳೆ ಬಾಯಿಗಿಟ್ಟರೆ ಮೊದಲು ಸಿಹಿ, ಹಿಂದೆಯೇ ತೆಳ್ಳಗೆ ಹುಳಿ, ಆ ಹುಳಿಯ ಹಿಂದೆ ಮತ್ತೆ ಸಿಹಿ. ಬರೀ ಸಿಹಿಯ ಹಣ್ಣು ಎರಡಕ್ಕೇ ಸಾಕೆನಿಸುತ್ತದೆ. ಇದು ಇನ್ನೊಂದು ಎನ್ನಿಸುತ್ತದೆ.

ಆಗಿನ ಕಾಫಿ ತೋಟಗಳಲ್ಲಿ ಕಿತ್ತಳೆ ಮನೆಯ ಮಗಳ ಹಾಗೆ ಬೆಳೆಯುತ್ತಿತ್ತು. ಅದಕ್ಕೆಂದು ಬೇರೆ ಜಾಗವಿಲ್ಲ. ಮೇಲೆ ನೆರಳಿನ ದೊಡ್ಡ ಮರಗಳು, ಕೆಳಗೆ ಕಾಫಿ, ಮರಕ್ಕೆ ಹಬ್ಬಿದ ಮೆಣಸು, ನಡುವೆ ಅಲ್ಲೊಂದು ಇಲ್ಲೊಂದು ಕಿತ್ತಳೆ. ಮಳೆಗಾಲದಲ್ಲೂ ಒಂದಿಷ್ಟು ಬಿಡುವುದುಂಟು, ಅದು ನೀರು ಕುಡಿದ ಹಣ್ಣು. ನವೆಂಬರಿನಿಂದ ಫೆಬ್ರುವರಿಯವರೆಗೆ ಬರುವುದೇ ನಿಜವಾದ ಫಸಲು. ಇನ್ನೊಂದು ಸಂಗತಿಯನ್ನು ನಾನು ಕಲಿತದ್ದು ಅಲ್ಲಿಯೇ. ಮಾವು, ಬಾಳೆಗಳನ್ನು ಕಾಯಿ ಕಿತ್ತು ಮನೆಯಲ್ಲಿ ಹಣ್ಣು ಮಾಡಬಹುದು. ಕಿತ್ತಳೆ ಹಾಗಲ್ಲ. ಮರದಲ್ಲಿ ಎಷ್ಟು ಸಿಹಿಯಾಗಿತ್ತೋ ಅಷ್ಟೇ. ಕಿತ್ತ ಮೇಲೆ ಸಿಹಿ ಹೆಚ್ಚುವುದಿಲ್ಲ. ಆದ್ದರಿಂದ ಕಿತ್ತಳೆ ಕೊಡುವವರು ಕಾಯಬೇಕು. ದುಡ್ಡಿನ ಅವಸರವಿದ್ದವರ ಹಣ್ಣು ಹುಳಿಯಾಗಿರುತ್ತದೆ.

ಇಷ್ಟು ಸಿಹಿಯ ನಡುವೆ ಒಂದು ಕಹಿಯನ್ನೂ ಹೇಳಲೇಬೇಕು. ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ.

ಅದೇ ಡಿಸೆಂಬರಿನಲ್ಲಿ ಹತ್ತಿರದ ತೋಟವೊಂದರ ರೈಟರು ಶಾಲೆಗೆ ಬಂದು, ನಿಮ್ಮ ಮಕ್ಕಳು ದಾರಿಯಲ್ಲಿ ಹಣ್ಣು ಕೀಳುತ್ತಾರೆ ಎಂದು ದೂರು ಹೇಳಿ ಹೋದರು. ಹೆಡ್ಮಾಸ್ಟರು ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರಿಗೂ ಎಚ್ಚರಿಕೆ ಕೊಟ್ಟರು. ಅದಾಗಿ ನಾಲ್ಕೈದು ದಿನಕ್ಕೆ, ಒಂದು ಸೋಮವಾರ, ಎಂಟನೇ ತರಗತಿಯ ಒಬ್ಬ ಹುಡುಗಿ ಹಾಜರಿ ಮುಗಿಯುವುದನ್ನೇ ಕಾದಿದ್ದು ಎದ್ದು ಬಂದು, ಟವೆಲಿನಲ್ಲಿ ಕಟ್ಟಿದ ಗಂಟೊಂದನ್ನು ನನ್ನ ಮೇಜಿನ ಮೇಲಿಟ್ಟಳು. ಬಿಚ್ಚಿದರೆ ಆರು ಕಿತ್ತಳೆ. ಒಂದೊಂದೂ ಆರಿಸಿದ ಹಣ್ಣು, ಒರೆಸಿ ಹೊಳಪು ಬರಿಸಿದ್ದು. ಅವಳ ತಾಯಿ ತೋಟದಲ್ಲಿ ಕೂಲಿ ಮಾಡುವವಳು. ಹುಣಸೂರಿನ ಕಡೆಯಿಂದ ಬಂದು ಲೈನ್ ಮನೆಯಲ್ಲಿದ್ದವರು. ತಂದೆ ಇರಲಿಲ್ಲ. ಹುಡುಗಿ ಮಾತು ಕಡಿಮೆ, ಅಕ್ಷರ ಮಾತ್ರ ಮುತ್ತು.

"ಎಲ್ಲಿಂದ ತಂದೆ?" ಎಂದೆ.

"ಮರದಿಂದ ಮಿಸ್."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನನಗೆ ರೈಟರ ಮುಖ ನೆನಪಾಯಿತು. "ಮರ ಯಾರದ್ದು? ಕೇಳಿ ಕಿತ್ತೆಯಾ?"

ಅವಳು ಉತ್ತರ ಕೊಡಲಿಲ್ಲ. ಏನು ಕೇಳುತ್ತಿದ್ದೇನೆಂದು ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದದ್ದು ಮುಖದಲ್ಲಿ ಕಾಣಿಸಿತು. ನಾನು ಆ ಮೌನವನ್ನು ಒಪ್ಪಿಗೆ ಎಂದುಕೊಂಡೆ. "ಕೇಳದೆ ತಂದ ಹಣ್ಣು ನನಗೆ ಬೇಡ. ತೆಗೆದುಕೊಂಡು ಹೋಗು" ಎಂದೆ. ನಲವತ್ತು ಮಕ್ಕಳ ಎದುರಿಗೆ ಎಂದೆ. ಅವಳು ಗಂಟು ಕಟ್ಟಿಕೊಂಡು ಹೋಗಿ ಬೆಂಚಿನ ಕೆಳಗೆ ಇಟ್ಟುಕೊಂಡಳು. ಆ ದಿನ ನಾನು ವಿಭಕ್ತಿ ಪ್ರತ್ಯಯ ಪಾಠ ಮಾಡಿದೆ. ಪೀರಿಯಡ್ ಮುಗಿಯುವವರೆಗೂ ಕ್ಲಾಸಿನ ತುಂಬ ಕಿತ್ತಳೆಯ ವಾಸನೆ.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಶುಕ್ರವಾರ ಸಂಜೆ ಓನರಮ್ಮನ ಜೊತೆ ಅಂಗಳದಲ್ಲಿ ಕಾಫಿ ಹಣ್ಣು ಆರಿಸುತ್ತಾ ಕೂತಿದ್ದಾಗ ಏನೋ ಮಾತಿಗೆ ಆ ಹುಡುಗಿಯ ಸುದ್ದಿ ಬಂತು. ನಡೆದದ್ದನ್ನು ಹೇಳಿದೆ. ಶಿಸ್ತಿನ ಟೀಚರ್ ಎಂದು ಹೊಗಳುತ್ತಾರೇನೋ ಎಂಬ ಸಣ್ಣ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಓನರಮ್ಮ ಕೈಯಲ್ಲಿದ್ದ ಹಣ್ಣನ್ನು ಮೊರಕ್ಕೆ ಹಾಕಿ ಸುಮ್ಮನೆ ಕೂತರು. ಆಮೇಲೆ ಮೆಲ್ಲಗೆ ಹೇಳಿದರು: "ಅವರಿರುವುದು ನಮ್ಮ ತೋಟದ ಲೈನಲ್ಲೇ ಟೀಚರೇ. ಲೈನ್ ಮನೆ ಹಿಂದಿನ ಮರ ನಾವು ಅವರಿಗೇ ಬಿಟ್ಟದ್ದು. ಸಂತೆಯಲ್ಲಿ ಮಾರಿ ಉಪ್ಪು ಮೆಣಸಿಗೆ ಮಾಡಿಕೊಳ್ಳುತ್ತಾರೆ."

ಆ ರಾತ್ರಿ ನಿದ್ದೆ ಬರಲಿಲ್ಲ. ಆಸ್ಪತ್ರೆಯ ಹಾಸಿಗೆಯಿಂದ ಬಂದ ಆ ಸೋತ ದನಿ ಮತ್ತೆ ಮತ್ತೆ ಕೇಳಿಸುತ್ತಿತ್ತು. ನಾನೇ ಕೊಟ್ಟೆ ಅದಕ್ಕೆ. ಅಪ್ಪ ಕದ್ದ ಹಣ್ಣನ್ನು ಕೊಟ್ಟ ಹಣ್ಣು ಮಾಡಿದ್ದರು. ಅವರ ಮಗಳು, ಬಿಎಡ್ ಓದಿ ಮಕ್ಕಳ ಮನಶ್ಶಾಸ್ತ್ರದಲ್ಲಿ ಅರವತ್ತೆಂಟು ಅಂಕ ತೆಗೆದವಳು, ಕೊಟ್ಟ ಹಣ್ಣನ್ನು ಕದ್ದ ಹಣ್ಣು ಮಾಡಿದ್ದಳು.

ಭಾನುವಾರ ಲೈನ್ ಮನೆಗೆ ಹೋದೆ. ತಾಯಿ ಗಾಬರಿಯಾಗಿ, ಗೋಣಿಚೀಲ ಹಾಸಿ ಕೂರಿಸಿ, ಬೆಲ್ಲದ ಕರಿಕಾಫಿ ಕಾಸಿಕೊಟ್ಟಳು. ಅವಳು ಜಗಳವಾಡಿದ್ದರೆ ನನಗೆ ಸಲೀಸಾಗುತ್ತಿತ್ತು. "ಮಕ್ಳಿಗೆ ಬುದ್ಧಿ ಹೇಳಾದು ನಿಮ್ ಕೆಲ್ಸ ಅಲ್ವರಾ ಮೇಡಮ್ನೋರೇ. ಇವ್ಳು ಬಾಯ್ಬುಟ್ಟು ಹೇಳ್ಬೇಕಿತ್ತು" ಎಂದಳು. ಹುಡುಗಿ ಒಳಗಿನ ಕತ್ತಲೆಯಲ್ಲೆಲ್ಲೋ ಇದ್ದಳು, ಹೊರಗೆ ಬರಲಿಲ್ಲ. ತಪ್ಪಾಯಿತು ಎಂಬ ಮಾತು ದಾರಿಯುದ್ದಕ್ಕೂ ನನ್ನ ನಾಲಿಗೆಯ ಮೇಲಿತ್ತು. ಅಲ್ಲಿ ಕೂತ ಮೇಲೆ ಅದು ಹೊರಗೆ ಬರಲಿಲ್ಲ. ಮೇಷ್ಟರಾದವರಿಗೆ ಆ ಮಾತು ಅಷ್ಟು ಸುಲಭವಲ್ಲ. ಅದರ ಬದಲು, "ಆ ಹಣ್ಣು ಇದೆಯಾ? ನನಗೊಂದು ಬೇಕಿತ್ತು" ಎಂದೆ.

ಒಳಗೆ ಏನೋ ಸದ್ದಾಯಿತು. ಹುಡುಗಿ ಬಂದು ಒಂದು ಹಣ್ಣನ್ನು ನನ್ನ ಮುಂದಿಟ್ಟು ಬಾಗಿಲ ಮರೆಗೆ ಸರಿದಳು. ಒಂದೇ. ಸೋಮವಾರ ತಂದಂತೆ ಆರಲ್ಲ. ಚೀಲಕ್ಕೆ ಹಾಕಿಕೊಳ್ಳಲು ಹೋದೆ. ತಾಯಿ ಬಿಡಲಿಲ್ಲ. "ಇಲ್ಲೇ ತಿನ್ನಿ, ನಮ್ ಎದುರ್ಗೇ ತಿನ್ನಿ" ಎಂದಳು. ಸಿಪ್ಪೆ ಸುಲಿದು ತಿನ್ನತೊಡಗಿದೆ. ಬೀಜವನ್ನು ಎಲ್ಲಿ ಉಗಿಯುವುದೆಂದು ಅತ್ತಿತ್ತ ನೋಡುತ್ತಿದ್ದಾಗ ಪಕ್ಕದಲ್ಲಿ ಒಂದು ಬಾಳೆಎಲೆಯ ಚೂರು ಬಂತು. ಹಿಡಿದವಳು ಅವಳೇ. ಮುಖ ಬೇರೆ ಕಡೆಗಿತ್ತು, ಕೈ ಮಾತ್ರ ನನ್ನ ಕಡೆಗಿತ್ತು. ಕೊನೆಯ ತೊಳೆ ಮುಗಿಯುವವರೆಗೂ ಹಾಗೆಯೇ ಹಿಡಿದಿದ್ದಳು.

ಸೋಮವಾರ ಶಾಲೆಗೆ ಬಂದಳು. ಎಸ್ಸೆಸ್ಸೆಲ್ಸಿ ಮುಗಿಸಿದಳು, ಮದುವೆಯಾಗಿ ಹೋದಳು ಎಂದು ಕೇಳಿದ್ದೇನೆ. ಈಗ ಅವಳಿಗೆ ನಲವತ್ತು ದಾಟಿರಬೇಕು. ಆದರೆ ಶಾಲೆಗೆ ಮತ್ತೆಂದೂ ಹಣ್ಣು ತರಲಿಲ್ಲ. ನಾನೂ ಆ ನಲವತ್ತು ಮಕ್ಕಳ ಎದುರಿಗೆ ನನ್ನದೇ ತಪ್ಪು ಎಂದು ಹೇಳಲಿಲ್ಲ. ತಪ್ಪು ಮಾಡಿದ್ದು ಕ್ಲಾಸಿನಲ್ಲಿ, ಒಪ್ಪಿಕೊಂಡದ್ದು ಲೈನ್ ಮನೆಯ ಜಗಲಿಯಲ್ಲಿ. ಲೆಕ್ಕ ಪೂರ್ತಿ ತೀರಲಿಲ್ಲ ಎಂದು ನನಗೆ ಗೊತ್ತು. ಈಗ ಯಾವ ಮಗು ಏನೇ ತಂದುಕೊಡಲಿ, ಒಂದು ನೆಲ್ಲಿಕಾಯಿಯಾಗಲಿ, ಬಾಡಿದ ಸೇವಂತಿಗೆಯಾಗಲಿ, ಮೊದಲು ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತೇನೆ. ಕೇಳುವುದಿದ್ದರೆ ಆಮೇಲೆ, ಒಬ್ಬಳೇ ಇದ್ದಾಗ ಕೇಳುತ್ತೇನೆ.

2020ರ ಗಣರಾಜ್ಯೋತ್ಸವದ ಹೊತ್ತಿಗೆ ಹರೇಕಳ ಹಾಜಬ್ಬ ಅವರಿಗೆ ಪದ್ಮಶ್ರೀ ಎಂದು ಪೇಪರಿನಲ್ಲಿ ಓದಿದಾಗ ನನಗೆ ಮತ್ತೆ ಈ ಹುಡುಗಿಯೇ ನೆನಪಾದಳು. ಅವರ ಕತೆ ನಿಮಗೂ ಗೊತ್ತು. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದವರು. ಒಮ್ಮೆ ವಿದೇಶಿಯರು ಇಂಗ್ಲಿಷಿನಲ್ಲಿ ಬೆಲೆ ಕೇಳಿದಾಗ ಉತ್ತರಿಸಲಾಗದೆ ನಾಚಿ, ನನ್ನೂರಿನ ಮಕ್ಕಳಿಗೆ ಹೀಗಾಗಬಾರದೆಂದು ಹಣ್ಣು ಮಾರಿದ ದುಡ್ಡು ಕೂಡಿಟ್ಟು, ಕಂಡಕಂಡ ಕಚೇರಿಯ ಮೆಟ್ಟಿಲು ಹತ್ತಿ, ಹರೇಕಳದ ನ್ಯೂಪಡ್ಪುವಿಗೆ ಶಾಲೆ ತಂದವರು. 2021ರ ನವೆಂಬರಿನಲ್ಲಿ ದಿಲ್ಲಿಯ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲೇ ನಡೆದುಹೋಗಿ ಪ್ರಶಸ್ತಿ ತೆಗೆದುಕೊಂಡರು. ಪ್ರತಿ ವರ್ಷ ಎಂಟನೇ ತರಗತಿಗೆ ಈ ಕತೆ ಹೇಳುತ್ತೇನೆ. ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ. ನನ್ನೊಳಗೆ ಮಾತ್ರ ಇನ್ನೊಂದು ದನಿ ಇರುತ್ತದೆ: ಅಕ್ಷರ ಬಾರದ ಅವರು ಕಿತ್ತಳೆಯಿಂದ ಶಾಲೆ ಕಟ್ಟಿದರು, ನೀನು ಶಾಲೆಯಲ್ಲಿ ಕೂತು ಕಿತ್ತಳೆಯನ್ನು ದೂಡಿದೆ.

2000ದಲ್ಲಿ ನನಗೆ ಹಾಸನಕ್ಕೆ ವರ್ಗವಾಯಿತು. ಆ ವರ್ಷವೇ ಮೊದಲ ಚೀಲ ಬಂತು. ಐವತ್ತಕ್ಕೂ ಮಿಕ್ಕಿದ ಹಣ್ಣು, ಬೀದಿಗೆಲ್ಲ ಹಂಚಿದೆ. ಬರಬರುತ್ತ ಮೂವತ್ತಾಯಿತು, ಇಪ್ಪತ್ತಾಯಿತು. ಹೋದ ವರ್ಷ ಹನ್ನೆರಡು. ಈ ವರ್ಷ ಏಳು. ಓನರಮ್ಮನ ಪ್ರೀತಿ ಕಡಿಮೆಯಾದದ್ದಲ್ಲ, ಮರಗಳೇ ಕಡಿಮೆಯಾದವು. ಎಲೆ ಹಳದಿಯಾಗುತ್ತದೆ, ರೆಂಬೆ ತುದಿಯಿಂದ ಒಣಗುತ್ತ ಬರುತ್ತದೆ, ಹಣ್ಣು ಸೊಟ್ಟಗೆ, ಸಣ್ಣಗೆ, ಹಸಿರಾಗಿಯೇ ಉಳಿದು ಕಹಿಯಾಗುತ್ತದೆ. ಗ್ರೀನಿಂಗ್ ಎನ್ನುತ್ತಾರೆ ಆ ರೋಗಕ್ಕೆ. ರಸ ಹೀರುವ ಒಂದು ಪುಟ್ಟ ಕೀಟ ಮರದಿಂದ ಮರಕ್ಕೆ ಹೊತ್ತೊಯ್ಯುತ್ತದೆ. ಬಂದ ಮರವನ್ನು ಗುಣಪಡಿಸುವ ಮದ್ದಿಲ್ಲ. ಕಡಿದು, ರೋಗವಿಲ್ಲದ ಸಸಿ ತಂದು ನೆಡಬೇಕು. ಇದರ ಜೊತೆಗೆ ಟ್ರಿಸ್ಟೆಜಾ ಎಂಬ ವೈರಸ್ಸಿನ ಕಾಟ ಬೇರೆ. ಕಾಫಿಗೂ ಮೆಣಸಿಗೂ ಕೈತುಂಬ ದುಡ್ಡು ಬರುವಾಗ ಸಾಯುವ ಕಿತ್ತಳೆಯನ್ನು ಯಾರು ಸಾಕುತ್ತಾರೆ? ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದವರು ಒಳ್ಳೆಯ ಸಸಿಗಾಗಿ ದುಡಿಯುತ್ತಿದ್ದಾರೆ. 2006ರಲ್ಲಿ ಕೊಡಗಿನ ಕಿತ್ತಳೆಗೆ ಜಿಐ ಮಾನ್ಯತೆಯೂ ಸಿಕ್ಕಿತು. ಆ ಹೆಸರನ್ನು ಬೇರೆ ಕಡೆಯ ಹಣ್ಣಿಗೆ ಇಡುವಂತಿಲ್ಲ. ಹೆಸರಿಗೇನೋ ರಕ್ಷಣೆಯಾಯಿತು, ಮರಕ್ಕೆ ಇನ್ನೂ ಆಗಬೇಕು.

ಇಡುವಂತಿಲ್ಲ ಎಂದರೂ ತಳ್ಳುಗಾಡಿಯವರು ಇಡುತ್ತಾರೆನ್ನಿ. ಮೊನ್ನೆ ಸಂತೆಯಲ್ಲಿ ಒಬ್ಬ "ಕೊಡಗಿಂದು ಅಕ್ಕಾ, ಜೇನು" ಎಂದು ಕೂಗುತ್ತಿದ್ದ. ಕೈಗೆತ್ತಿಕೊಂಡರೆ ಸಿಪ್ಪೆ ಉಬ್ಬಿ, ಒಳಗೆ ಹಣ್ಣು ಪ್ರತ್ಯೇಕ ಸಂಸಾರ ಹೂಡಿತ್ತು. ನಾಗಪುರದ ಹಣ್ಣು. ಅದೂ ಒಳ್ಳೆಯ ಹಣ್ಣೇ, ನಿಂದಿಸಬಾರದು. ಆದರೆ ಕರೆಯುವುದನ್ನು ಅದರ ಹೆಸರಿನಿಂದಲೇ ಕರೆಯಬೇಕು. ನೀವು ಕೊಡಗಿನದನ್ನೇ ಹುಡುಕುವುದಾದರೆ ಹೊಳಪಿಗೆ ಮರುಳಾಗಬೇಡಿ. ಹಸಿರು ಮಚ್ಚೆ ಇದ್ದರೆ ಕಾಯಿ ಎಂದು ಬಿಡಲೂಬೇಡಿ. ನಮ್ಮಂಥ ಕಡೆ ಮೈಯ ಬಣ್ಣ ನೋಡಿ ಕಿತ್ತಳೆಯ ಸಿಹಿ ಹೇಳಲಾಗದು. ಅಂಗೈಯಲ್ಲಿಟ್ಟು ತೂಗಿ ನೋಡಿ; ಗಾತ್ರಕ್ಕಿಂತ ಭಾರವಿದ್ದರೆ ರಸವಿದೆ.

ಇರಲಿ, ನನ್ನ ಏಳು ಹಣ್ಣಿಗೆ ಬರುತ್ತೇನೆ. ಚೀಟಿಯ ಮಾತಿಗೆ ಕಟ್ಟುಬಿದ್ದು ಲೆಕ್ಕವನ್ನು ಹೊಸದಾಗಿ ಹಾಕಿದೆ. ಪಕ್ಕದ ಮನೆಯ ಬಸುರಿಗೆ ಎರಡು ಹೋಗಲೇಬೇಕು, ಹೋಯಿತು. ಪಾತ್ರೆ ತೊಳೆಯುವವಳ ಮಗಳಿಗೆ ಒಂದು. ಗಣಿತದ ಮೇಡಂಗೆ ಒಂದು. ದೇವರಿಗೆ ಇಟ್ಟದ್ದು ಸಂಜೆ ಅತ್ತೆಗೆ ಬಂತು. ಎಂಬತ್ತನಾಲ್ಕರ ಅತ್ತೆ ಹಲ್ಲಿಲ್ಲದ ಬಾಯಲ್ಲಿ ತೊಳೆಯೊಂದನ್ನು ಅರ್ಧ ಗಂಟೆ ಚೀಪಿ, "ನಿಮ್ಮ ಮಾವನಿಗೆ ಇದು ಕಂಡ್ರೆ ಪ್ರಾಣ" ಎಂದರು. ಮಾವನವರಿಗೆ ಕಿತ್ತಳೆ ಸೇರುತ್ತಲೇ ಇರಲಿಲ್ಲ. ನಾನು ತಿದ್ದಲಿಲ್ಲ. ನಮ್ಮವರು ತಮ್ಮದನ್ನು "ಡಾಕ್ಟರು ಬೇಡ ಅಂದಿದ್ದಾರಲ್ಲ" ಎನ್ನುತ್ತಲೇ ಪೂರ್ತಿ ಮುಗಿಸಿದರು.

ಎಲ್ಲರಿಂದಲೂ ಸಿಪ್ಪೆ ಮಾತ್ರ ವಸೂಲಿ ಮಾಡಿದೆ, ಗಣಿತದ ಮೇಡಂ ಕೂಡ ಡಬ್ಬಿಯಲ್ಲಿ ಹಾಕಿ ತಂದುಕೊಟ್ಟರು. ಕೊಡಗಿನ ಕಿತ್ತಳೆಯ ತೆಳು ಸಿಪ್ಪೆಯ ಗೊಜ್ಜಿನ ರುಚಿ ದಪ್ಪ ಸಿಪ್ಪೆಗೆ ಬರುವುದಿಲ್ಲ. ಒಳಗಿನ ಬಿಳಿಯನ್ನು ಚಮಚದಿಂದ ಕೆರೆದು, ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ, ಎಣ್ಣೆಯಲ್ಲಿ ಸಾಸಿವೆ, ಮೆಂತ್ಯ, ಇಂಗು, ಕರಿಬೇವಿನ ಒಗ್ಗರಣೆಗೆ ಹಾಕಿ ಬಾಡಿಸಬೇಕು. ಹುಣಸೆರಸ, ಉಪ್ಪು, ಹುಳಿಪುಡಿ ಹಾಕಿ ಕುದಿಸಿ, ಕಹಿ ಎಷ್ಟಿದೆ ನೋಡಿಕೊಂಡು ಬೆಲ್ಲ ಹಾಕಬೇಕು. ಬೆಲ್ಲಕ್ಕೆ ಕೈ ಬಿಗಿ ಹಿಡಿಯಬೇಡಿ. ಎಣ್ಣೆ ಬಿಡುವವರೆಗೆ ಕಾಯಿಸಿ ಇಳಿಸಿದರೆ ಒಂದು ವಾರ ಬಿಸಿ ಅನ್ನಕ್ಕೆ ಬೇರೇನೂ ಬೇಡ. ಕಹಿ ಪೂರ್ತಿ ಹೋಗುವುದಿಲ್ಲ, ಹೋಗಲೂಬಾರದು. ಸ್ವಲ್ಪ ಕಹಿ ನಾಲಿಗೆಯಲ್ಲಿ ಉಳಿದರೇ ಅದು ಗೊಜ್ಜು.

ಹಾಗೆ ಒಂದು ಹಣ್ಣು ಉಳಿಯಿತು. ಭಾನುವಾರ ಬೆಳಿಗ್ಗೆ ಅತ್ತೆ ಇನ್ನೂ ಎದ್ದಿರಲಿಲ್ಲ, ನಮ್ಮವರು ಹಾಲು ತರಲು ಹೋಗಿದ್ದರು. ಹಣ್ಣು ಹಿಡಿದುಕೊಂಡು ಹಿತ್ತಲ ಮೆಟ್ಟಿಲಿಗೆ ಹೋದೆ. ಕಳ್ಳತನ ಮಾಡುತ್ತಿದ್ದೇನೇನೋ ಎಂಬಂತೆ ಒಮ್ಮೆ ಹಿಂತಿರುಗಿ ನೋಡಿದೆ ಕೂಡ. ಆಮೇಲೆ ನನಗೆ ನಾನೇ, ಕೊಟ್ಟ ಹಣ್ಣು ಕಣೇ ಇದು ಎಂದುಕೊಂಡು ಕೂತೆ. ಸಿಪ್ಪೆ ಬಿಡಿಸಿ ತೊಳೆ ಎಣಿಸಿದೆ, ಹತ್ತು ಇತ್ತು. ಹತ್ತನ್ನೂ ತಿಂದೆ. ಒಂದೊಂದಾಗಿ, ನಾರು ಬಿಡಿಸಿ, ಬೀಜ ತೆಗೆದು, ಯಾರಿಗೂ ಎತ್ತಿಡದೆ. ಸಿಹಿ, ಹುಳಿ, ಮತ್ತೆ ಸಿಹಿ. ಮೂವತ್ತು ವರ್ಷದ ಹಿಂದಿನದೇ.

ಹತ್ತು ಗಂಟೆಗೆ ಫೋನು ಬಂತು. ಓನರಮ್ಮನಿಗೆ ಈಗ ಕಿವಿ ಮಂದ, ಕೂಗಿಯೇ ಮಾತಾಡುತ್ತಾರೆ.

"ಟೀಚರೇ, ಸಿಕ್ಕಿತಾ?"

"ಸಿಕ್ಕಿತು ಓನರಮ್ಮ."

"ಎಲ್ಲಾ ಹಂಚಿದಿರಾ?"

"ಇಲ್ಲ. ಒಂದು ನಾನೇ ತಿಂದೆ."

"ಅರ್ಧವಾ, ಪೂರ್ತಿಯಾ?"

"ಪೂರ್ತಿ."

ಆ ಕಡೆ ಒಂದು ಕ್ಷಣ ಮಾತಿಲ್ಲ. ನಂಬಲೋ ಬೇಡವೋ ಎಂದು ತೂಗುತ್ತಿದ್ದಿರಬೇಕು. ಆಮೇಲೆ ಕೇಳಿದರು, "ಸಿಹಿ ಇತ್ತಾ?"

ನನ್ನ ಬೆರಳುಗಳಲ್ಲಿ ಇನ್ನೂ ವಾಸನೆ ಇತ್ತು. "ಇತ್ತು ಓನರಮ್ಮ" ಎಂದೆ.